ಪರದೆ ಎಳೆಯುವವನ ನಾಟಕ

ಶೇಷಾದ್ರಿಪುರದಿಂದ ಸುಬೇದಾರ್ ಛತ್ರಂ ರಸ್ತೆ ಹಿಡಿದು ಹೊರಟರೆ ಗಾಂಧಿನಗರ, ಮೆಜೆಸ್ಟಿಕ್ ಕಾಲ್ನಡಿಗೆಯ ದೂರ. ಇಂದು ಈ ದಾರಿ ನೆನಪಿಸುವುದು ಸಿನಿಮಾವನ್ನು. ಆದರೆ ಬೆಂಗಳೂರಿನ ಹಿಂದಿನ ತಲೆಮಾರಿಗೆ ಇದು ನಾಟಕದ ದಾರಿಯೂ ಹೌದು. ರಾತ್ರಿ ಊಟ ಮುಗಿಸಿ ಕಂಪನಿ ನಾಟಕಕ್ಕೆ ಹೊರಟವರು ಮನೆಗೆ ಮರಳುವಾಗ ಮಧ್ಯರಾತ್ರಿ ದಾಟಿರುತ್ತಿತ್ತು. ದರ್ಬಾರಿನ ವೈಭವ, ಹಾಡುಗಳಿಗೆ ಬಿದ್ದ ‘ಒನ್ಸ್ ಮೋರ್’, ಹಾಸ್ಯಗಾರನ ಚೇಷ್ಟೆ ಇವೆಲ್ಲ ಅವರ ನೆನಪಿನಲ್ಲಿ ಉಳಿದವು. ಅದೇ ಹೊತ್ತಿಗೆ ಪರದೆಯ ಹಿಂದೆ ನಡೆಯುತ್ತಿದ್ದ ಇನ್ನೊಂದು ನಾಟಕವನ್ನು ಮಾತ್ರ ಯಾರೂ ನೋಡಲಿಲ್ಲ. ನೋಡುವಂತೆಯೂ ಇರಲಿಲ್ಲ. ಹಿಂದಿನದು ಮುಂದಿನವರಿಗೆ ಕಂಡರೆ ಅಂದಿನ ನಾಟಕ ಕೆಟ್ಟಂತೆಯೇ.

ಕನ್ನಡದ ವೃತ್ತಿರಂಗಭೂಮಿಯಲ್ಲಿ ದೊಡ್ಡ ಹೆಸರು ಗುಬ್ಬಿ ಕಂಪನಿಯದು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಈ ಕಂಪನಿಯ ಪೂರ್ಣ ಹೆಸರು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಬಾಲಕನಾಗಿ ಸೇರಿದ ವೀರಣ್ಣನವರು (1891-1972) ಮುಂದೆ ಅದರ ಮಾಲೀಕರಾದರು. ಮಾಲೀಕರಾದ ಮೇಲೂ ಜನ ಅವರನ್ನು ಮೆಚ್ಚಿದ್ದು ಹಾಸ್ಯನಟನೆಂದೇ. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿನೊಂದಿಗೆ ಅಂಟಿಕೊಂಡಿತು.

ನಗೆಯ ಹಿಂದೆ ಸುತ್ತಿಗೆ

ಗಂಭೀರವಾದ ಪೌರಾಣಿಕ ನಾಟಕದ ನಡುವೆ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯ ಏಕೆ ಬರುತ್ತಿತ್ತು? ಜನರನ್ನು ನಗಿಸುವುದಕ್ಕೆ ಎಂಬುದು ಅರ್ಧ ಉತ್ತರ. ಉಳಿದರ್ಧ ಪರದೆಯ ಹಿಂದಿದೆ.

ಬಣ್ಣದ ಪರದೆಗಳ ಪದ್ಧತಿ ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರೂರು ಸುತ್ತಿದ ಪಾರ್ಸಿ ಮತ್ತು ಮರಾಠಿ ಕಂಪನಿಗಳ ಪ್ರಭಾವದಿಂದ. ಬೀದಿ, ಕಾಡು, ಉದ್ಯಾನ, ಅರಮನೆ ಹೀಗೆ ಒಂದೊಂದು ಸ್ಥಳಕ್ಕೂ ಒಂದೊಂದು ಪರದೆ. ಉದ್ದನೆಯ ಮರಕ್ಕೆ ಸುತ್ತಿದ ಪರದೆ ಹಗ್ಗ ಬಿಟ್ಟಾಗ ಇಳಿಯುತ್ತಿತ್ತು, ಎಳೆದಾಗ ಏರುತ್ತಿತ್ತು. ಎರಡೂ ಪಕ್ಕಕ್ಕೆ ಅದಕ್ಕೆ ಹೊಂದುವ ಸೈಡ್‌ವಿಂಗುಗಳು.

ದರ್ಬಾರಿನ ದೃಶ್ಯಕ್ಕೆ ಪರದೆಯೊಂದೇ ಸಾಲದು. ಸಿಂಹಾಸನ, ಮೆಟ್ಟಿಲು, ಕಂಬ ಎಲ್ಲವನ್ನೂ ಹೊತ್ತು ತಂದು ಜೋಡಿಸಬೇಕು. ಅದಕ್ಕೆ ಕೆಲವು ನಿಮಿಷವಾದರೂ ಬೇಕು. ಅಷ್ಟು ಹೊತ್ತು ವೇದಿಕೆ ಬರಿದಾಗಿದ್ದರೆ ಪ್ರೇಕ್ಷಕರು ಶಿಳ್ಳೆ ಹಾಕುತ್ತಾರೆ. ಆದ್ದರಿಂದ ವೇದಿಕೆಯ ಮುಂಭಾಗದಲ್ಲೇ ಬೀದಿಯ ಪರದೆ ಇಳಿಯುತ್ತಿತ್ತು. ಅದರ ಮುಂದೆ ಹಾಸ್ಯಗಾರ ಬರುತ್ತಿದ್ದ. ಹಿಂದೆ ಬರಿಗಾಲಿನ ಆಳುಗಳು ಸದ್ದಿಲ್ಲದೆ ಅರಮನೆ ಕಟ್ಟುತ್ತಿದ್ದರು. ಸುತ್ತಿಗೆಯ ಪೆಟ್ಟು ಕೇಳಿಸಬಾರದೆಂದರೆ ಮುಂದೆ ನಗೆ ಜೋರಾಗಿರಬೇಕು. ಕಟ್ಟುವ ಕೆಲಸ ತಡವಾದರೆ ಪಕ್ಕದಿಂದ ಸನ್ನೆ ಬರುತ್ತಿತ್ತು. ಹಾಸ್ಯಗಾರ ಮಾತು ಬೆಳೆಸಬೇಕು. ಮುಗಿದರೆ ಮತ್ತೊಂದು ಸನ್ನೆ. ಕೂಡಲೇ ಮಾತು ಮೊಟಕು ಮಾಡಬೇಕು. ಹಾಸ್ಯನಟನ ಸಮಯಸ್ಫೂರ್ತಿ ಎಂದು ಹೊಗಳಿಸಿಕೊಂಡದ್ದರಲ್ಲಿ ಈ ಸನ್ನೆಗಳ ಪಾಲೂ ಇತ್ತು.

ನಾಟಕ ಬರೆಯುವ ಕವಿಗೂ ಈ ಲೆಕ್ಕ ಗೊತ್ತಿರಬೇಕಿತ್ತು. ಎರಡು ದೊಡ್ಡ ದೃಶ್ಯಗಳನ್ನು ಒಂದರ ಹಿಂದೆ ಒಂದು ಇಟ್ಟರೆ ರಂಗದಲ್ಲಿ ಅದು ನಡೆಯುತ್ತಿರಲಿಲ್ಲ.

ಬೆಳಕು ಮತ್ತು ಬಣ್ಣ

ಬಣ್ಣದ ಮನೆಯ ಕಥೆಯೂ ಇದೇ. ಕಂಪನಿ ನಾಟಕದ ಮೇಕಪ್ ಅತಿಯಾಯಿತು ಎಂದು ನಂತರದವರು ನಕ್ಕದ್ದುಂಟು. ಆದರೆ ಆ ಬಣ್ಣ ಮಂದ ಬೆಳಕಿಗಾಗಿ ಹುಟ್ಟಿದ್ದು. ಶೇಷಾದ್ರಿಪುರಕ್ಕೆ ಹೆಸರು ಬಂದದ್ದು ಯಾರಿಂದಲೋ ಆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರ ಯೋಜನೆಯ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಅದಾದ ಮೇಲೂ ಊರಿಂದೂರಿಗೆ ಹೋಗುವ ಕಂಪನಿಗಳಿಗೆ ಬಹುಕಾಲ ಗ್ಯಾಸ್‌ಲೈಟೇ ಗತಿ. ಆ ಬೆಳಕಿನಲ್ಲಿ ಕೊನೆಯ ಸಾಲಿನ ನೆಲದ ಟಿಕೆಟಿನವನಿಗೂ ಕಣ್ಣು, ಹುಬ್ಬು ಕಾಣಬೇಕಾದರೆ ಮುಖಕ್ಕೆ ದಪ್ಪನೆಯ ಬಣ್ಣ ಹತ್ತಲೇಬೇಕು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಏರುದನಿಯ ಹಾಡಿಗೂ ಮಾತಿಗೂ ಕಾರಣ ಇದೇ ಕೊನೆಯ ಸಾಲು.

ಗುಡುಗು ಬೇಕಾದರೆ ದೊಡ್ಡ ತಗಡನ್ನು ತೂಗುಹಾಕಿ ಅಲುಗಿಸುತ್ತಿದ್ದರು. ದೇವತೆ ಪ್ರತ್ಯಕ್ಷವಾಗುವಾಗ ಪಂಜಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಬೆಂಕಿ ಏಳುತ್ತಿತ್ತು. ಸುತ್ತಲೂ ಬಟ್ಟೆಯ ಪರದೆ, ಮರದ ಅಟ್ಟಣೆ, ತಲೆಯ ಮೇಲೆ ತಗಡಿನ ಅಥವಾ ತೆಂಗಿನ ಗರಿಯ ಚಪ್ಪರ. ಕೈ ಸ್ವಲ್ಪ ತಪ್ಪಿದರೆ ಕಂಪನಿಯೇ ಸುಟ್ಟುಹೋಗುವ ಭಯ. ಪ್ರೇಕ್ಷಕರಿಗೆ ಅದು ಪವಾಡ. ರಾಳ ಹಾರಿಸುವವನಿಗೆ ದಿನನಿತ್ಯದ ಕೂಲಿ.

ಈ ಅದ್ಧೂರಿಯ ತುದಿ ಎಂದರೆ 1934ರಲ್ಲಿ ಗುಬ್ಬಿ ಕಂಪನಿ ಆಡಿದ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’. ಅದರಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ನೋಡಿದವರು ಆನೆಯ ಮಾತನ್ನಷ್ಟೇ ಆಡಿದರು. ಆದರೆ ಆನೆ ರಂಗಕ್ಕೆ ಬರಬೇಕಾದರೆ ಅದರ ಭಾರ ತಾಳುವ ನೆಲ ಬೇಕು, ಬಂದ ದಾರಿಯಲ್ಲೇ ಹಿಂತಿರುಗಲು ಜಾಗ ಬೇಕು, ತನ್ನ ಸರದಿ ಬರುವವರೆಗೆ ಅದನ್ನು ಸುಮ್ಮನಿರಿಸುವವರು ಬೇಕು. ಆ ಕೆಲಸವೆಲ್ಲ ಹಿಂದಿನದು.

ಮನೆಯೂ ಹೌದು, ಶಾಲೆಯೂ ಹೌದು

ಕಂಪನಿ ಒಂದೂರಿನಲ್ಲಿ ಕ್ಯಾಂಪ್ ಹಾಕಿತೆಂದರೆ ತಿಂಗಳುಗಟ್ಟಲೆ ಅಲ್ಲೇ ವಾಸ. ಎಲ್ಲರಿಗೂ ಒಂದೇ ಅಡುಗೆಮನೆ. ಸೈಡ್‌ವಿಂಗಿನ ಮರೆಯಲ್ಲಿ ಮಕ್ಕಳು ಮಲಗುತ್ತಿದ್ದರು. ಪಾತ್ರ ಬಂದಾಗ ಎಬ್ಬಿಸಿ, ಮುಖಕ್ಕೆ ಬಣ್ಣ ಹಚ್ಚಿ, ರಂಗಕ್ಕೆ ಕಳಿಸುವುದಿತ್ತು. ಶಾಲೆ ತಪ್ಪಿದ್ದು ಆ ಮಕ್ಕಳಿಗಾದ ನಷ್ಟ. ಅಲ್ಲೇ ಕಲಿತದ್ದು ಕನ್ನಡಕ್ಕಾದ ಲಾಭ.

ಮುತ್ತುರಾಜ ಎಂಬ ಹುಡುಗ ಇದೇ ಕಂಪನಿಯಲ್ಲಿ ನಟನಾಗಿದ್ದ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಬೆಳೆದ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಆತ ರಾಜ್‌ಕುಮಾರ್ ಆದ. ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಓಡಿಬಂದ ಬಿ.ವಿ. ಕಾರಂತರಿಗೂ (1929-2002) ಆಶ್ರಯ ಕೊಟ್ಟದ್ದು ಗುಬ್ಬಿ ಕಂಪನಿ. ಮುಂದೆ ಕಾಶಿಯ ಓದಿಗೆ ನೆರವಾದವರು ವೀರಣ್ಣನವರು. ಆ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಬಾಲ್ಯವೂ ಈ ಕಂಪನಿಯಲ್ಲೇ ಕಳೆಯಿತು. ಈ ಮೂವರಿಗೂ ಮೊದಲ ಪಾಠವಾದದ್ದು ಪರದೆಯ ಮರೆಯಲ್ಲಿ ನಿಂತು ಕೇಳಿದ ಮಾತು ಮತ್ತು ಹಾಡು.

ಹೆಸರಿಲ್ಲದವರು

ಕಂಪನಿಯ ಕರಪತ್ರಗಳಲ್ಲಿ ಮುಖ್ಯ ನಟ, ನಟಿ, ಹಾಸ್ಯಗಾರರ ಹೆಸರು ದಪ್ಪಕ್ಷರದಲ್ಲಿರುತ್ತಿತ್ತು. ‘ಭಾರೀ ಸೀನುಗಳು’ ಎಂಬ ಜಾಹೀರಾತೂ ಇರುತ್ತಿತ್ತು. ಆ ಸೀನು ಬರೆದವರು, ಎಳೆದವರು, ಬೆಳಕು ಹಿಡಿದವರು, ಬಟ್ಟೆ ಒಗೆದವರು ಅಪರೂಪಕ್ಕೊಮ್ಮೆ ಕಾಣಿಸಿಕೊಂಡರೆ ಹೆಚ್ಚು. ಸಿನಿಮಾ ಬಂದಾಗ ಹೆಸರಿದ್ದ ನಟರಿಗೆ ಮದ್ರಾಸಿನ ದಾರಿ ತೆರೆಯಿತು. ಹಗ್ಗ ಎಳೆಯುವ ಕೈಗಳನ್ನು ಯಾವ ಸ್ಟುಡಿಯೋ ಹುಡುಕಿಕೊಂಡು ಬಂದೀತು? ಮುಪ್ಪಿನಲ್ಲಿ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕೆಂದರೆ ದುಡಿದದ್ದಕ್ಕೆ ದಾಖಲೆ ಬೇಕು. ಕರಪತ್ರದಲ್ಲಿ ಹೆಸರಿಲ್ಲದವನ ಬಳಿ ಅಂಗೈಯ ಗಂಟುಗಳಲ್ಲದೆ ಬೇರೇನು ದಾಖಲೆ ಇದ್ದೀತು?

ವೀರಣ್ಣನವರ ಹೆಸರು ಗಾಂಧಿನಗರದ ರಂಗಮಂದಿರಕ್ಕೂ ರಾಜ್ಯ ಸರ್ಕಾರದ ಪ್ರಶಸ್ತಿಗೂ ಇದೆ. ಅದು ನ್ಯಾಯವೇ. ಇಂದಿಗೂ ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಹಲವು ವೃತ್ತಿ ಕಂಪನಿಗಳು ಟೆಂಟು ಹಾಕುತ್ತವೆ. ವಿದ್ಯುತ್ ದೀಪ, ಮೈಕು ಬಂದಿವೆ. ಹಾಸ್ಯವೇ ಈಗ ನಾಟಕವನ್ನು ಆಳುತ್ತಿದೆ. ಅಲ್ಲಿಗೆ ಹೋದವರು ಹಾಸ್ಯಗಾರನ ಮಾತಿಗೆ ನಗುವಾಗ ಒಂದು ಕ್ಷಣ ಅವನ ಬೆನ್ನ ಹಿಂದಿನ ಪರದೆಯನ್ನು ನೋಡಬೇಕು. ಅದು ಸ್ವಲ್ಪ ಅಲುಗಿದರೆ ಗಾಳಿಯೇ ಇರಬೇಕೆಂದಿಲ್ಲ. ಹಿಂದೆ ಯಾರೋ ಅರಮನೆಯ ಕಂಬ ಹೊತ್ತು ನಡೆಯುತ್ತಿರಬಹುದು.