ಮುಟ್ಟಿಗೆ ಮುಂಚಿನ ದಿನಗಳು

ಕಮತಗಿ ಇಲಕಲ್ ಸೀರೆ ನೇಯುವ ಊರು. ಇಲ್ಲಿ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ. ಕೂತರೆ ತಾಸುಗಟ್ಟಲೆ ಏಳುವುದಿಲ್ಲ.

ಮುಟ್ಟಾಗುವ ಮುಂಚೆ ಕೆಲವು ಹುಡುಗಿಯರಿಗೆ ಎದೆ ಭಾರ, ಹೊಟ್ಟೆ ಉಬ್ಬರ, ಸೊಂಟ ನೋವು. ಸುಮ್ಮನೆ ಸಿಟ್ಟು, ಸುಮ್ಮನೆ ಅಳು. ಮನೆಯವರು 'ಇವಳಿಗೆ ಸೊಕ್ಕು' ಅಂತಾರೆ. ಸೊಕ್ಕಲ್ಲ. ಮೈಯಲ್ಲಿ ಹಾರ್ಮೋನು ಎಂಬ ರಸಗಳಿವೆ. ತಿಂಗಳು ತಿಂಗಳು ಅವು ಏರಿ ಇಳಿಯುತ್ತವೆ. ಅದಕ್ಕೇ ಹೀಗೆ. ಮುಟ್ಟಾದ ಮೇಲೆ ಕಡಿಮೆಯಾಗುತ್ತದೆ.

ದುಡ್ಡಿಲ್ಲದ ಉಪಾಯ ಒಂದಿದೆ. ಬಿರುಸಾಗಿ ನಡೆಯುವುದು. ದಿನಕ್ಕೆ ಅರ್ಧ ತಾಸು, ವಾರಕ್ಕೆ 5 ದಿನ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ದಮ್ಮು ಸಾಲಬಾರದು. ಅಷ್ಟು ಬಿರುಸು. ನೋವಿದ್ದ ದಿನ ಮಾತ್ರ ನಡೆದರೆ ಸಾಲದು. ತಿಂಗಳಿಡೀ ನಡೆಯಬೇಕು. ಎರಡು ಮೂರು ತಿಂಗಳಲ್ಲಿ ಬಹಳ ಮಂದಿಗೆ ಹಗುರಾಗುತ್ತದೆ.

'ಕೆಲಸ ಮಾಡ್ತೀವಲ್ಲ, ಸಾಲದೇನ್ರೀ?' ಅಂತ ಕೇಳುತ್ತೀರಿ. ಕೆಲಸದಲ್ಲಿ ಮೈ ದಣಿಯುತ್ತದೆ, ನಿಜ. ಆದರೆ ಕಂಡಿಕೆ ಸುತ್ತುವಾಗ ಕೈ ಮಾತ್ರ ಆಡುತ್ತದೆ. ಪಂಚಮಿಗೆ ಜೋಕಾಲಿ ಜೀಕುವಾಗ ಮೈಯೆಲ್ಲಾ ಆಡುತ್ತದೆ, ಉಸಿರು ಏರುತ್ತದೆ. ಅಂಥದ್ದು ಬೇಕು. ಹಗ್ಗ ಜಿಗಿದರೂ ಆದೀತು, ಕೊಕ್ಕೋ ಆಡಿದರೂ ಆದೀತು. ಮಗಳನ್ನು ಒಬ್ಬಳೇ ಕಳಿಸಲು ಅಂಜಿಕೆಯೇ? ನೀವೂ ಜೊತೆಗೆ ನಡೆಯಿರಿ. ನಿಮಗೂ ಒಳ್ಳೆಯದೇ.

ಕೆಲವರಿಗೆ ಆ ದಿನಗಳಲ್ಲಿ ಜೀವವೇ ಬೇಡ ಅನ್ನಿಸುತ್ತದೆ. ಆಗ ನಡಿಗೆ ಸಾಲದು. ಆಕೆಯನ್ನು ಒಬ್ಬಳನ್ನೇ ಬಿಡಬೇಡಿ. ಕೂಡಲೇ ದವಾಖಾನೆಗೆ ಕರೆದುಕೊಂಡು ಹೋಗಿ. ಅದಕ್ಕೆ ಔಷಧ ಇದೆ.