ಬೈದರೆ ಮಾತ್ರ ಮಕ್ಕಳು ಚೆನ್ನಾಗಿ ಆಡುತ್ತಾರೆಯೇ? ಕೋಚ್‌ಗಳ ಮೇಲಿನ ಟೀಕೆಯಲ್ಲಿ ಎಷ್ಟು ಸತ್ಯ?

ಮಕ್ಕಳ ತಂಡ ಒಂದು ಪಂದ್ಯ ಸೋತರೆ ಸಾಕು, ಪೋಷಕರ ವಾಟ್ಸಾಪ್ ಗ್ರೂಪ್‌ನಲ್ಲಿ ಮಾತು ಶುರು: "ಕೋಚ್ ತುಂಬಾ ಮೆತ್ತಗೆ. ನಾಲ್ಕು ಬೈದಿದ್ದರೆ ಗೆಲ್ಲುತ್ತಿದ್ದರು." ಇದನ್ನು ಓದಿದ ಕೋಚ್ ಮರುದಿನ ಮೈದಾನದಲ್ಲಿ ಕೂಗಾಡುತ್ತಾರೆ. ಮುಂದಿನ ಪಂದ್ಯದಲ್ಲಿ ತಂಡ ಚೆನ್ನಾಗಿ ಆಡುತ್ತದೆ. ಹಾಗಾದರೆ ಬೈಗುಳ ಕೆಲಸ ಮಾಡಿತೇ? ನಾವು ಪರಿಶೀಲಿಸಿದೆವು.

ಬೈದ ಮೇಲೆ ಆಟ ಸುಧಾರಿಸುವುದೇಕೆ?

ನೊಬೆಲ್ ಪುರಸ್ಕೃತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಇಸ್ರೇಲ್ ವಾಯುಪಡೆಯ ತರಬೇತುದಾರರೊಬ್ಬರು ಇದನ್ನೇ ಹೇಳಿದ್ದರು: ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಬೈದರೆ ಸುಧಾರಿಸುತ್ತದೆ. ಅವರು ನೋಡಿದ್ದು ನಿಜ, ಆದರೆ ಹೇಳಿದ ಕಾರಣ ತಪ್ಪು ಎಂದು ಕಾನೆಮನ್ ವಿವರಿಸಿದರು. ತೀರಾ ಕೆಟ್ಟ ದಿನದ ನಂತರ ಸಾಮಾನ್ಯವಾಗಿ ಬರುವುದು ಅಷ್ಟು ಕೆಟ್ಟದ್ದಲ್ಲದ ದಿನ. ಯಾರೂ ಬೈಯದಿದ್ದರೂ ಹೀಗೇ ಆಗುತ್ತದೆ. ನಾವು ಬೈಯುವುದು ಕೆಟ್ಟ ದಿನದಲ್ಲೇ ಆದ್ದರಿಂದ ಮುಂದಿನ ಸುಧಾರಣೆಯ ಶ್ರೇಯ ಬೈಗುಳಕ್ಕೆ ಹೋಗುತ್ತದೆ. ಒಂದೇ ಪಂದ್ಯ ನೋಡಿ ಕೋಚ್‌ನನ್ನು ಅಳೆಯುವುದೂ ಇದೇ ತಪ್ಪು.

ಹಾಗಾದರೆ ಟೀಕೆಯನ್ನೆಲ್ಲ ಕಡೆಗಣಿಸಬೇಕೇ?

ಇಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳನ್ನು ಮೈದಾನದಲ್ಲೇ ಗಮನಿಸಿ ದಾಖಲಿಸಿದರು. ಕೋಚ್ ಹೇಗೆ ನಡೆದುಕೊಂಡರು ಎಂಬುದನ್ನು ಕೋಚ್‌ಗಳಿಗಿಂತ ಮಕ್ಕಳೇ ಹೆಚ್ಚು ಸರಿಯಾಗಿ ಹೇಳಿದ್ದರು! ಅಂದರೆ ಕೋಚ್‌ಗೆ ಹೊರಗಿನವರ ಕಣ್ಣು ಬೇಕೇ ಬೇಕು.

ಇದೇ ತಂಡದ 1992ರ ಅಧ್ಯಯನದಲ್ಲಿ, ಬೈಯುವ ಬದಲು ಹುರಿದುಂಬಿಸಲು ಮತ್ತು ತಪ್ಪಾದಾಗ ಸರಿಯಾದ ವಿಧಾನ ತೋರಿಸಲು ಕೆಲವು ಕೋಚ್‌ಗಳಿಗೆ ತರಬೇತಿ ಕೊಡಲಾಯಿತು. ಮುಂದಿನ ವರ್ಷ ಅವರ ಆಟಗಾರರಲ್ಲಿ ಆಟ ಬಿಟ್ಟವರು ಸುಮಾರು 5%. ತರಬೇತಿ ಇಲ್ಲದ ಕೋಚ್‌ಗಳ ಆಟಗಾರರಲ್ಲಿ ಸುಮಾರು 26%. ಇದಕ್ಕೆ ತಂಡದ ಸೋಲು ಗೆಲುವು ಕಾರಣವಾಗಿರಲಿಲ್ಲ. ಇದು ಒಂದೇ ಕ್ರೀಡೆಯ ಸಣ್ಣ ಅಧ್ಯಯನ ಎಂಬುದು ನೆನಪಿರಲಿ.

ಕೋಚ್ ಏನು ಮಾಡಬಹುದು?

* ಟೀಕೆ ಬಂದಾಗ ಮೊದಲು ವಿಂಗಡಿಸಿ. ಅದು ಸ್ಕೋರ್ ಬಗ್ಗೆಯೋ, ಮಕ್ಕಳೊಂದಿಗಿನ ನಿಮ್ಮ ವರ್ತನೆಯ ಬಗ್ಗೆಯೋ?
* ಸ್ಕೋರ್ ಬಗ್ಗೆಯಾದರೆ ಹಲವು ವಾರಗಳ ಅಭ್ಯಾಸವನ್ನು ನೋಡಿ ಉತ್ತರಿಸಿ. ಪಂದ್ಯ ಮುಗಿದ ಬಿಸಿಯಲ್ಲಿ ಬೇಡ.
* ವರ್ತನೆಯ ಬಗ್ಗೆಯಾದರೆ ಮಕ್ಕಳನ್ನೇ ಕೇಳಿ. ಅಭ್ಯಾಸದ ನಂತರ ಏನು ಹೇಳಿದಿರಿ, ಹೇಗೆ ಹೇಳಿದಿರಿ ಎಂದು ಎರಡು ಸಾಲು ಬರೆದಿಡಿ.
* ಹೊಡೆತ, ಅವಮಾನ ಅಥವಾ ಅಸಭ್ಯ ವರ್ತನೆಯ ದೂರು ಬಂದರೆ ಅದನ್ನು ಬರೀ ಟೀಕೆ ಎಂದು ತಳ್ಳಿಹಾಕುವಂತಿಲ್ಲ. ತಕ್ಷಣ ವಿಚಾರಣೆ ಆಗಲೇಬೇಕು.

ನಮ್ಮ ತೀರ್ಮಾನ

'ಬೈದರೆ ಮಾತ್ರ ಮಕ್ಕಳು ಚೆನ್ನಾಗಿ ಆಡುತ್ತಾರೆ' ಎಂಬುದು ತಪ್ಪು ತಿಳಿವಳಿಕೆ. ಮುಂದಿನ ಸೋಲಿನ ಸಂಜೆ ಕೋಚ್ ವಿರುದ್ಧದ ಸಂದೇಶ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಮಗುವನ್ನು ಒಂದು ಮಾತು ಕೇಳಿ: "ನಾಳೆ ಅಭ್ಯಾಸಕ್ಕೆ ಹೋಗಲು ಇಷ್ಟವೇ?" ಸ್ಕೋರ್‌ಗಿಂತ ಆ ಉತ್ತರವೇ ಕೋಚ್ ಬಗ್ಗೆ ಹೆಚ್ಚು ಹೇಳುತ್ತದೆ.