ಕನ್ನಡದಿಂದ ಕನ್ನಡಕ್ಕೆ

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಟ ಬಸ್ಸು ಕಿತ್ತೂರಿನ ಬಳಿ ನಿಂತಾಗ ಇಳಿಯುವವರ ಸಾಮಾನಿನಲ್ಲಿ ತಗಡಿನ ಟ್ರಂಕು, ಹಾಸಿಗೆಯ ಸುರುಳಿ, ಇವುಗಳ ಜೊತೆಗೆ ಹಳೆಯ ಸೀರೆಯ ತುಂಡಿನಲ್ಲಿ ಜೋಪಾನವಾಗಿ ಸುತ್ತಿದ ಕಾಫಿ ಫಿಲ್ಟರೊಂದು ಕಂಡಿತೆಂದರೆ ಸಾಕು. ಬಂದವರು ಮೈಸೂರು ಸೀಮೆಯವರೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲಿನ ವರುಷಗಳಲ್ಲಿ ಇಂಥ ಟ್ರಂಕುಗಳು ಬಡಗಣ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಇಳಿದವು. ಗುಮಾಸ್ತರು, ಉಪಾಧ್ಯಾಯರು, ದನದ ಡಾಕ್ಟರು, ಕಂಪೌಂಡರು, ಎಂಜಿನಿಯರು. ಅವರ ಹಿಂದೆ ಸೆರಗನ್ನು ಬಿಗಿಹಿಡಿದು ಅತ್ತಿತ್ತ ನೋಡುತ್ತ ನಿಂತ ಅವರ ಹೆಂಡಂದಿರು.

ಅದುವರೆಗೆ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ಮೈಸೂರು ಮುಗಿದು ಮುಂಬಯಿ ಪ್ರಾಂತ ಮೊದಲಾಗುತ್ತಿತ್ತು. ನದಿಯ ಎರಡು ದಡಗಳಲ್ಲಿಯೂ ಕನ್ನಡವೇ ಇದ್ದರೂ ಒಂದೂವರೆ ನೂರು ವರುಷಗಳ ಬೇರೆ ಬೇರೆ ಆಳಿಕೆಯು ಎರಡು ಬಗೆಯ ಸಂಸಾರಗಳನ್ನು ಬೆಳೆಸಿತ್ತು. ಪರದೇಶಕ್ಕೆ ಹೋದವನು ಭಾಷೆ ತಿಳಿಯದೆಂದು ಮೊದಲೇ ಎದೆ ಗಟ್ಟಿ ಮಾಡಿಕೊಂಡಿರುತ್ತಾನೆ. ತನ್ನ ಮಾತೇ ನಡೆಯುವ ನಾಡಿಗೆ ಹೋದವನಿಗೆ ಆ ಸಿದ್ಧತೆ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಮನೆ ಹೂಡಿದ ಅಮೆರಿಕದವರ ಪಾಡೂ ಇದೇ. ಚಿತ್ರಕಾರ ಜೋಸೆಫ್ ಪೆನೆಲ್ ಮತ್ತು ಅವನ ಹೆಂಡತಿ, ಲೇಖಕಿ ಎಲಿಜಬೆತ್ 1884ರಲ್ಲಿ ಲಂಡನ್ನಿಗೆ ಬಂದು, ಮೊದಲನೆಯ ಮಹಾಯುದ್ಧದ ಕಾಲದವರೆಗೂ ಅಲ್ಲಿ ಬಾಳಿದರು. ಆಕೆ ಲಂಡನ್ನಿನ ಪತ್ರಿಕೆಯಲ್ಲಿ ಅಡುಗೆಯ ವಿಷಯವಾಗಿ ಬರೆದು ಹೆಸರು ಗಳಿಸಿದಳು. ಆದರೂ ಇಬ್ಬರೂ ಕೊನೆಗೆ ಅಮೆರಿಕಕ್ಕೇ ಮರಳಿದರು. ಅಮೆರಿಕದವನು 'ಮೊದಲನೆಯ ಮಹಡಿ' ಎಂದರೆ ನೆಲಕ್ಕೆ ತಾಗಿದ ಅಂತಸ್ತು. ಇಂಗ್ಲಿಷಿನವನಿಗೆ ಅದು ಒಂದು ಮೆಟ್ಟಿಲುಸಾಲು ಹತ್ತಿದ ಮೇಲಿನದು. ಅಮೆರಿಕದ ಗೃಹಿಣಿ ಬಿಸ್ಕತ್ತು ಎಂದು ಕರೆಯುವುದು ಊಟದೊಡನೆ ತಿನ್ನುವ ಮೆತ್ತನೆಯ ರೊಟ್ಟಿಯನ್ನು. ಗಂಡ 'ಪ್ಯಾಂಟು ಕೊಳ್ಳಬೇಕು' ಎಂದು ಅಂಗಡಿಯಲ್ಲಿ ಕೇಳಿದರೆ ಲಂಡನ್ನಿನ ಅಂಗಡಿಯವನು ಒಳಉಡುಪನ್ನು ತೆಗೆದು ಮುಂದಿಡುತ್ತಾನೆ. ಅಲ್ಲಿ ಸಾಗರವೊಂದು ನಡುವೆ ಇದೆ. ಇಲ್ಲಿ ಇರುವುದು ತುಂಗಭದ್ರೆಯ ಸೇತುವೆ ಮಾತ್ರ.

ಕಿತ್ತೂರಿನಿಂದ ಕೆಲವೇ ಮೈಲಿ ದೂರದ ದೇಗಾಂವ ಇಂಥ ದಂಪತಿಗಳಿಗೆ ಮೊದಲ ನೋಟಕ್ಕೆ ಪರಕೀಯವೆನಿಸುವ ಊರಲ್ಲ. ಸುತ್ತ ಭತ್ತದ ಗದ್ದೆಗಳಿವೆ. ಪಡುವಲಕ್ಕೆ ಹೋದಷ್ಟೂ ಮಲೆನಾಡಿನ ಸೆರಗು ಹಸುರಾಗುತ್ತದೆ. ಮೂಡಲಕ್ಕೆ ಹೊರಳಿದರೆ ಮಾತ್ರ ಬೈಲಹೊಂಗಲ, ಸವದತ್ತಿಗಳ ಎರೆಭೂಮಿ ಕಪ್ಪಗೆ ಹರಡಿಕೊಂಡು ಜೋಳ, ಹತ್ತಿಗಳ ರಾಜ್ಯ ಮೊದಲಾಗುತ್ತದೆ. ಊರಿನಲ್ಲಿ ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣನ ಗುಡಿ ಇದೆ. ಬೇಲೂರು ಹಳೆಬೀಡುಗಳನ್ನು ನೋಡಿ ಬೆಳೆದ ಹಾಸನದ ಕಡೆಯವರು ಈ ಗುಡಿಯ ಮುಂದೆ ನಿಂತು 'ಹೊರಗೋಡೆಯಲ್ಲಿ ಅಷ್ಟು ಕೆತ್ತನೆ ಕಾಣದಲ್ಲ' ಎಂದು ಮೊದಲು ಮೂಗೆಳೆಯುವುದುಂಟು. ಒಳಗೆ ಕಾಲಿಟ್ಟು, ಸಾಲಾಗಿರುವ ಮೂರು ಗರ್ಭಗುಡಿಗಳನ್ನೂ ಕಂಬಗಳನ್ನೂ ಕಂಡ ಮೇಲೆ ಮಾತು ಕಡಿಮೆಯಾಗುತ್ತದೆ.

ತೊಡಕು ಗುಡಿಯಲ್ಲಿಲ್ಲ, ಬಾಡಿಗೆಯ ಮನೆಯಲ್ಲಿದೆ.

ಮೊದಲ ದಿನ ಮನೆಯೊಡತಿ ತಿಳಿಸುವುದು, ಜಗಲಿಯನ್ನು ಶುದ್ಧವಾಗಿಟ್ಟುಕೊಳ್ಳಬೇಕು ಎಂದು. ಮೈಸೂರಿನವಳು ಒಪ್ಪಿ, ಹೊರಗೆ ಬಾಗಿಲ ಪಕ್ಕದ ಕಟ್ಟೆಯನ್ನು ತೊಳೆದು ರಂಗೋಲಿ ಹಾಕುತ್ತಾಳೆ. ಅವಳ ತೌರಿನಲ್ಲಿ ಜಗಲಿಯೆಂದರೆ ಬಂದವರು ಕುಳಿತು ಎಲೆಯಡಿಕೆ ಹಾಕಿಕೊಳ್ಳುವ ಜಾಗ. ಈ ಸೀಮೆಯಲ್ಲಿ ಜಗಲಿಯ ಮೇಲೆ ಕುಳ್ಳಿರುವವರು ದೇವರು! 'ಜಗಲಿಯಲ್ಲಿ ಚಪ್ಪಲಿ ಬಿಟ್ಟು ಬನ್ನಿ' ಎಂದು ಅವಳು ನೆರೆಯವರನ್ನು ಉಪಚರಿಸಿದರೆ ಅವರ ಮುಖ ಹೇಗಾದೀತು?

ಬೆಳಗಿನ ಹೊತ್ತು ನೆರೆಯಾಕೆಯನ್ನು 'ತಿಂಡಿ ಆಯಿತೆ?' ಎಂದು ಸೌಜನ್ಯದಿಂದ ಕೇಳುವುದು ಮೈಸೂರಿನ ಪದ್ಧತಿ. ಇಲ್ಲಿ ತಿಂಡಿಯೆಂದರೆ ಮೈಯ ತುರಿಕೆ. ಹುಡುಗರು ಜಗಳ ತೆಗೆದಾಗ ಆಡುವ ಮಾತು. ಬೆಳಗಿನ ಉಪಾಹಾರ ಇಲ್ಲಿ 'ನಾಷ್ಟಾ'. ಸಂತೆಯಲ್ಲಿ ತರಕಾರಿಯೆಂದರೆ ತಡೆದು, 'ಕಾಯಿಪಲ್ಲೆ ಏನ್ರಿ?' ಎನ್ನುತ್ತಾರೆ, ಅವಳ ಪಾಲಿಗೆ ಪಲ್ಯ ಒಲೆಯ ಮೇಲೆ ಬೆಂದ ನಂತರದ ಹೆಸರು. ಈರುಳ್ಳಿ ಉಳ್ಳಾಗಡ್ಡಿಯಾಗಿದೆ, ಕಡಲೆಕಾಯಿ ಶೇಂಗಾ ಆಗಿದೆ, ಕೊತ್ತಂಬರಿ ಬೀಜ ಹವೀಜವಾಗಿದೆ, ಹುರಿಗಡಲೆ ಫುಟಾಣಿಯಾಗಿದೆ. ನೆರೆಮನೆಯ ಮುದುಕಿ ಅಕ್ಕರೆಯಿಂದ 'ಶೇಂಗಾ ಹಿಂಡಿ' ಕೊಟ್ಟು ಕಳಿಸಿದಾಗ ದಂಪತಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಅವರ ಊರಿನಲ್ಲಿ ಕಡಲೆಕಾಯಿ ಹಿಂಡಿಯನ್ನು ಹಸುವಿಗೆ ಇಡುವುದು. ಮುಚ್ಚಳ ತೆಗೆದು ನೋಡಿದರೆ ಬೆಳ್ಳುಳ್ಳಿ, ಖಾರ ಬೆರೆತು ಘಮಘಮಿಸುವ ಚಟ್ನಿಪುಡಿ.

ಅಡುಗೆಯ ಮನೆಯಲ್ಲಿ ಅವಳ ಹೋರಾಟ ಮತ್ತೊಂದು ಬಗೆ. ತೆಂಗಿನಕಾಯಿ ತುರಿ ಇಲ್ಲದೆ ಹುಳಿಯೂ ಇಲ್ಲ, ಪಲ್ಯವೂ ಇಲ್ಲ ಎಂದು ಕಲಿತು ಬಂದವಳಿಗೆ ಇಲ್ಲಿಯ ಒಣಕೊಬ್ಬರಿ, ಶೇಂಗಾಪುಡಿ, ಗುರೆಳ್ಳುಗಳ ರುಚಿ ಹಿಡಿಯಲು ತಿಂಗಳುಗಳು ಬೇಕು. ರಾಗಿ ಕಾಣಸಿಗುವುದು ಅಪರೂಪ. ಮುಂಜಾನೆ ಕತ್ತಲೆಯಲ್ಲಿಯೇ ಓಣಿಯ ಮನೆಮನೆಗಳಿಂದ ಪಟಪಟನೆ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಹಿಟ್ಟಿಗೆ ಕುದಿಯುವ ನೀರು ಹೊಯ್ದು, ನಾದಿ, ಅಂಗೈಯಿಂದ ಬಡಿದು, ತಿರುಗಿಸುತ್ತ ತಿರುಗಿಸುತ್ತ ಚಂದ್ರನಷ್ಟು ದುಂಡಗೆ ಮಾಡುವ ಆ ವಿದ್ಯೆ ನೋಡಲು ಸುಲಭ; ಹೊಸಬಳ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಆರು ತಿಂಗಳು ಕಲಿತರೂ ನೆರೆಯವರ ಮುಂದೆ ರೊಟ್ಟಿ ಬಡಿಯಲು ನಾಚಿದವರು ಎಷ್ಟು ಮಂದಿಯೋ!

ಗಂಡನ ಕಷ್ಟಗಳು ಕಚೇರಿಯವು, ಅಷ್ಟೇನೂ ಆಳವಾದವಲ್ಲ. ಅಮಲ್ದಾರರೆಂದು ಅವನು ಅರಿತವರು ಇಲ್ಲಿ ಮಾಮಲೇದಾರರು, ಶ್ಯಾನುಭೋಗರ ಸ್ಥಾನದಲ್ಲಿ, 1950ರ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾದ ಮೇಲೆ ತಲಾಠಿ ಬಂದಿದ್ದಾನೆ, ಪಹಣಿಗೆ ಉತಾರವೆನ್ನಬೇಕು. ಮಗನನ್ನು ಸಾಲಿಗೆ ಸೇರಿಸಲು ಹೋದಾಗ ಮಾಸ್ತರರು 'ಅಡ್ಡಹೆಸರು ಏನ್ರಿ?' ಎಂದು ಲೇಖಣಿ ಹಿಡಿದು ಕಾಯುತ್ತಾರೆ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ ಬಿಟ್ಟು ಬೇರೆ ಹೆಸರೇ ಇಲ್ಲದ ಮನುಷ್ಯ ಇರಬಲ್ಲನೆಂದು ಮಾಸ್ತರರಿಗೆ ನಂಬುಗೆಯಾಗುವುದು ಕಷ್ಟ. ಕೊನೆಗೆ ಹುಟ್ಟಿದೂರನ್ನೇ ಅಡ್ಡಹೆಸರಾಗಿ ಬರೆಸಿ ಕೈತೊಳೆದುಕೊಂಡವರಿದ್ದಾರೆ.

ನಗುವಿನ ಹಿಂದೆ ನೋಯುವ ಸಂಗತಿಗಳೂ ಇದ್ದವು. ಮೈಸೂರಿನ ಕಿವಿಗೆ ಬಡಗಣ ಮಾತು ಒರಟೆಂದು ತೋರಿತು. ಬಡಗಣದವರಿಗೆ ಮೈಸೂರಿನವರ ನಯ ಬಾಯಿಯ ನಯವಾಗಿ, ಒಳಗೊಂದು ಹೊರಗೊಂದಾಗಿ ಕಂಡಿತು. ಏಕೀಕರಣಕ್ಕಾಗಿ ಆಲೂರು ವೆಂಕಟರಾಯರಂಥವರು ಬಾಳನ್ನೇ ತೆತ್ತದ್ದು ಧಾರವಾಡದಲ್ಲಿ. ಹಳೆಯ ಮೈಸೂರಿನಲ್ಲಿ ಹಲವರು ಕೊನೆಯವರೆಗೂ ಅನುಮಾನಿಸಿದರು. ಆ ಕಹಿಯ ತುಣುಕು ಕಚೇರಿಯ ಮೇಜಿನ ಎರಡೂ ಬದಿಯಲ್ಲಿ ಉಳಿದಿತ್ತು. ಪುಸ್ತಕದ ಕನ್ನಡಕ್ಕೆ ತನ್ನ ಮಾತು ಹತ್ತಿರವೆಂಬ ಹಮ್ಮು ಮೈಸೂರಿನವನಿಗೆ. ತಾನಾಡುವುದು ತಪ್ಪೆಂದು ಸಾಲಿಯಲ್ಲಿ ಮತ್ತೆ ಮತ್ತೆ ತಿದ್ದಿಸಿಕೊಂಡ ದೇಗಾಂವದ ಹುಡುಗನಿಗೆ ಆ ಹಮ್ಮು ಚುಚ್ಚದಿರುತ್ತದೆಯೆ? ಎರಡು ಕಡೆಗೂ ಒಂದು ಮಾತು ನೆನಪಿದ್ದರೆ ಚೆನ್ನಾಗಿತ್ತು. ಮೈಸೂರಿನವರು ಕೊಂಡಾಡುವ ಮಾಸ್ತಿಯವರ ಮನೆಮಾತು ತಮಿಳು. ಧಾರವಾಡದ ಆಡುನುಡಿಗೆ ಕಾವ್ಯದ ಪಟ್ಟ ಕಟ್ಟಿದ ಬೇಂದ್ರೆಯವರದು ಮರಾಠಿ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು 'ರೀ' ಎಂಬ ಒಂದಕ್ಷರ. ಮೈಸೂರಿನ ಹೆಂಗಸು ತನ್ನ ಗಂಡನೊಬ್ಬನನ್ನೇ ಕರೆಯುವ ಮಾತದು. ಇಲ್ಲಿ ಹಾಲಿನವನು, ಅಗಸರವಳು, ಅಂಗಡಿಯ ಹುಡುಗ, ಎಲ್ಲರ ಬಾಯಲ್ಲಿಯೂ ಅದೇ. 'ಹಾಲ ತಂದೀನ್ರಿ', 'ಹೌದ್ರಿ', 'ಇಲ್ರಿ'. ಮೊದಲ ವಾರ ಅವಳು ಕೆಂಪಾಗುತ್ತಾಳೆ. ಎರಡನೆಯ ವಾರ ನಗುತ್ತಾಳೆ. ತಿಂಗಳಲ್ಲಿ ತಾನೂ ಆಡುತ್ತಾಳೆ. ಆದರೆ ಇದಕ್ಕೆ ತಿರುವುಮುರುವಾದ ಇನ್ನೊಂದು ಗಂಟಿತ್ತು. ವಯಸ್ಸಾದ ನೆರೆಯಾಕೆ ಒಂದು ದಿನ ಇದ್ದಕ್ಕಿದ್ದಂತೆ 'ರೀ' ಬಿಟ್ಟು 'ನೀ ಯಾಕ ಹಿಂಗ ಸೊರಗೀಯವ್ವಾ?' ಎಂದುಬಿಡುತ್ತಾಳೆ. ಮೈಸೂರಿನಲ್ಲಿ ಪರಿಚಯದ ಹೆಂಗಸನ್ನು ಏಕವಚನದಲ್ಲಿ ಕರೆದರೆ ಅಪಮಾನ. ಇದನ್ನು ಗಂಡನಿಗೆ ಹೇಳಿ ಕಣ್ಣೀರಿಟ್ಟ ಹೆಣ್ಣುಮಕ್ಕಳಿದ್ದರು. ತನ್ನನ್ನು ಆ ಮುದುಕಿ ಮಗಳ ಸಾಲಿಗೆ ಸೇರಿಸಿದಳೆಂಬುದು ಅವರಿಗೆ ಅರ್ಥವಾಗಲು ಇನ್ನೊಂದು ಮಳೆಗಾಲ ಹಿಡಿಯುತ್ತಿತ್ತು.

ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದಾಗ ಈ ನುಡಿಯ ಆಟ ಆಟವಾಗಿ ಉಳಿಯುವುದಿಲ್ಲ. ಗಂಡ ಬೈಲಹೊಂಗಲಕ್ಕೆ ಕೆಲಸದ ಮೇಲೆ ಹೋಗಿರುತ್ತಾನೆ. ಅವಳು ಬಾಗಿಲಿಗೆ ಬಂದು 'ಮಗುವಿಗೆ ಹುಷಾರಿಲ್ಲ' ಎನ್ನುತ್ತಾಳೆ. ಇಲ್ಲಿ ಹುಷಾರೆಂದರೆ ಜಾಣತನ. 'ಸಣ್ಣ ಕೂಸು, ಮುಂದ ಶಾಣ್ಯಾ ಆಗ್ತೈತಿ ಬಿಡ್ರಿ' ಎಂದು ಎದುರುಮನೆಯವರು ಸಮಾಧಾನ ಹೇಳುತ್ತಾರೆ. ಅವಳ ದನಿ ಒಡೆದಾಗ, ಮಾತಿಗಿಂತ ಮುಖ ನೋಡಿ, ಯಾರೋ ಒಳಗೆ ಬಂದು ಮಗುವಿನ ಹಣೆ ಮುಟ್ಟುತ್ತಾರೆ. 'ಯವ್ವಾ, ಆರಾಮಿಲ್ಲಂತ ಹೇಳಬಾರದೇನ!' ಆಮೇಲೆ ಯಾವ ಪದಕೋಶವೂ ಬೇಕಾಗುವುದಿಲ್ಲ. ಒಬ್ಬಳು ಒದ್ದೆಬಟ್ಟೆ ಹಣೆಗಿಡುತ್ತಾಳೆ, ಒಬ್ಬನು ಕಿತ್ತೂರಿನ ಡಾಕ್ಟರನ್ನು ಕರೆಯಲು ಸೈಕಲ್ಲು ಹತ್ತುತ್ತಾನೆ, ಒಬ್ಬಾಕೆ ರಾತ್ರಿಯೆಲ್ಲ ಜೊತೆಗೆ ಕುಳಿತಿರುತ್ತಾಳೆ. ಹೀಗೆ ನೆರೆಯವರ ಕೈಯಲ್ಲಿ ಉಳಿದ ಮಕ್ಕಳ ಕಥೆ ಬಡಗಣದಲ್ಲಿ ಕೆಲಸ ಮಾಡಿಬಂದ ಅನೇಕ ಮನೆಗಳಲ್ಲಿ ಇಂದಿಗೂ ಹೇಳಲ್ಪಡುತ್ತದೆ.

ಆ ಮೇಲೆ ವರುಷದ ಚಕ್ರ ತಾನಾಗಿ ಉರುಳುತ್ತದೆ. ಗೌರಿಹಬ್ಬಕ್ಕೆ ತೌರಿನಿಂದ ಬಾಗಿನ ಬರಲಿಲ್ಲವೆಂದು ಅವಳು ಕೊರಗುವ ಮೊದಲೇ ನಾಗರಪಂಚಮಿ ಬಂದಿರುತ್ತದೆ. ಇಲ್ಲಿ ಹೆಣ್ಣುಮಕ್ಕಳು ತೌರಿಗೆ ಬರುವ ಹಬ್ಬ ಅದು. ಮನೆಮನೆಗೆ ತರತರದ ಉಂಡಿ, ಮರಮರಕ್ಕೆ ಜೋಕಾಲಿ. ತೌರಿಗೆ ಹೋಗಲಾರದವಳೆಂದು ಅವಳನ್ನೂ ಎಳೆದೊಯ್ದು ಜೋಕಾಲಿಗೆ ಕೂರಿಸುತ್ತಾರೆ. ದಸರೆಯ ಜಂಬೂಸವಾರಿಯನ್ನು ನೆನೆದು ನಿಟ್ಟುಸಿರಿಡುವ ಗಂಡನ ಕೈಗೆ ಊರಿನ ಹಿರಿಯರು ಬನ್ನಿಯ ಎಲೆಯಿಟ್ಟು, ಬಂಗಾರದಂತೆ ಇರೋಣವೆಂದು ಅಪ್ಪಿಕೊಳ್ಳುತ್ತಾರೆ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವ ಸುಖವನ್ನು ಪಟ್ಟಣದಲ್ಲಿ ಬೆಳೆದ ದಂಪತಿಗಳು ಅದಕ್ಕೆ ಮೊದಲು ಕಂಡಿರುವುದಿಲ್ಲ. ಸಂಜೆ ರೇಡಿಯೋದ ಮುಳ್ಳು, ಬೆಂಗಳೂರಿನ ಕಡೆಗೇ ಹುಡುಕುತ್ತಿದ್ದುದು, 1950ರಲ್ಲಿ ಮೊದಲಾದ ಧಾರವಾಡದ ನಿಲಯದ ಮೇಲೆ ನಿಲ್ಲತೊಡಗುತ್ತದೆ. ಫಿಲ್ಟರು ಅಟ್ಟಕ್ಕೇರುತ್ತದೆ, ಬಸಿಗೆ ಸುರಿದ ಚಹಾ ಸೊರಸೊರನೆ ಒಳಗಿಳಿಯುತ್ತದೆ.

ಬಂದವರೆಲ್ಲ ಹೀಗೆ ಕಲೆತರೆಂದು ಹೇಳುವಂತಿಲ್ಲ. ವರ್ಗದ ಅರ್ಜಿಯನ್ನು ಬಂದ ದಿನವೇ ಬರೆದು, ಮರಳಿ ಹೋಗುವ ದಿನ ಎಣಿಸಿ, ಒಂದು ಮನೆಯ ರೊಟ್ಟಿಯನ್ನೂ ಮುರಿಯದೆ ಹೋದವರು ಬೇಕಾದಷ್ಟು ಮಂದಿ. ಈಗ ಹಾದಿ ತಿರುಗಿದೆ. ಬೈಲಹೊಂಗಲದ, ರಾಮದುರ್ಗದ ತರುಣರು ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ, ತಮ್ಮ ಮಾತನ್ನು ಸಿನಿಮಾದ ಹಾಸ್ಯಪಾತ್ರದಂತೆ ಕೇಳಿ ನಗುವವರ ನಡುವೆ ಬಾಳುತ್ತಿದ್ದಾರೆ. ಅಲ್ಲಿಯ ಬೀದಿಬೀದಿಗಳಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳು ತೆರೆದಿರುವುದು ಅವರ ಪುಣ್ಯ, ಬೆಂಗಳೂರಿನವರ ಪುಣ್ಯವೂ ಹೌದು.

ಆ ಕಾಲದ ದಂಪತಿಗಳಿಗೆ ನಾಲ್ಕೈದು ವರುಷಗಳಲ್ಲಿ ವರ್ಗದ ಆಜ್ಞೆ ಬರುತ್ತಿತ್ತು. ಬಸ್ಸಿನವರೆಗೆ ಓಣಿಯೇ ನಡೆದು ಬಂದು ಟ್ರಂಕನ್ನು ಏರಿಸುತ್ತಿತ್ತು. ಬುಟ್ಟಿಯ ತುಂಬ ಕಟಕಲು ರೊಟ್ಟಿ, ಡಬ್ಬಿಯ ತುಂಬ ಹಿಂಡಿ. ಮೈಸೂರು ತಲುಪಿದ ಮರುದಿನ ಅವಳು ಮಗನ ಕೈಹಿಡಿದು ಚಿಕ್ಕಂದಿನಿಂದ ಕಂಡ ಅಂಗಡಿಗೆ ಹೋಗುತ್ತಾಳೆ.

'ಉಳ್ಳಾಗಡ್ಡಿ ಹೆಂಗ್ರಿ?'

ಅಂಗಡಿಯವನು ತಕ್ಕಡಿಯಿಂದ ತಲೆಯೆತ್ತಿ ಅವಳನ್ನೊಮ್ಮೆ ನೋಡುತ್ತಾನೆ.

'ತಾವು ಯಾವ ಕಡೆಯವರು, ತಾಯಿ?'